ಯಾರೂ ಮುಟ್ಟದ ಬೇಸ್ ‘ಜಿ’ ಅಂದಿತು

ಗಣೇಶನ ಪೆಂಡಾಲು. ಆರ್ಕೆಸ್ಟ್ರಾ ಶುರುವಾಗಲು ಇನ್ನೂ ಅರ್ಧ ಗಂಟೆ ಇತ್ತು. ನನ್ನ ಬೇಸ್ ಗಿಟಾರ್ ಸ್ಟ್ಯಾಂಡಿನಲ್ಲಿ ಸುಮ್ನೆ ನಿಂತಿತ್ತು. ಕೇಬಲ್ ಟ್ಯೂನರ್ ಪೆಡಲಿಗೆ, ಅಂದ್ರೆ ಯಾವ ಸ್ವರ ಅಂತ ತೋರಿಸುವ ಪೆಟ್ಟಿಗೆಗೆ, ಸಿಕ್ಕಿಸಿತ್ತು. ಯಾರೂ ತಂತಿ ಮುಟ್ಟಿರಲಿಲ್ಲ. ಆದರೂ ಟ್ಯೂನರಿನಲ್ಲಿ ‘ಜಿ’ ಅನ್ನುವ ಅಕ್ಷರ ಹೊತ್ತಿಕೊಂಡಿತ್ತು. ಮುಳ್ಳು ಮಾತ್ರ ನಡುವೆ ನಿಲ್ಲದೆ ಸ್ವಲ್ಪ ಬಲಕ್ಕೆ ವಾಲಿತ್ತು.

‘ನಿನ್ ಗಿಟಾರಿಗೆ ಗಾಳಿ ಹಿಡ್ದಿದೆ ಕಣೋ, ನಿಂಬೆಹಣ್ಣು ಕಟ್ಟು’ ಅಂದ ಕೀಬೋರ್ಡ್ ನುಡಿಸುವ ಗೆಳೆಯ.

ಗಾಳಿ ಅಲ್ಲ, ಕರೆಂಟು. ನಮ್ಮ ಮನೆಗಳಿಗೆ ಬರುವ ಕರೆಂಟು 50 ಹರ್ಟ್ಜ್, ಅಂದ್ರೆ ಸೆಕೆಂಡಿಗೆ 50 ಸಲ ಓಲಾಡುತ್ತದೆ. ಬೇಸಿನ ದಪ್ಪ ತಂತಿಯ ಮೂರನೇ ಫ್ರೆಟ್ (ಕುತ್ತಿಗೆಯ ಮೇಲಿನ ಅಡ್ಡಪಟ್ಟಿ) ಒತ್ತಿದರೆ ಬರುವ ಜಿ ಸ್ವರ 49 ಹರ್ಟ್ಜ್. ಹಾಗಾಗಿ ಪಿಕಪ್ (ತಂತಿಯ ಕಂಪನ ಹಿಡಿಯುವ, ಅಯಸ್ಕಾಂತದ ಸುತ್ತ ವೈರಿನ ಸುರುಳಿ ಇರುವ ಭಾಗ) ಹಿಡಿದುಕೊಳ್ಳುವ ಹಮ್, ಅಂದ್ರೆ ಕರೆಂಟಿನ ಗುಂಯ್ ಸದ್ದು, ನಮ್ಮ ದೇಶದಲ್ಲಿ ಹೆಚ್ಚೂಕಡಿಮೆ ಜಿ ಸ್ವರವೇ, ಒಂಚೂರು ಏರು ಅಷ್ಟೆ. ಅಮೆರಿಕದಲ್ಲಿ ಕರೆಂಟು 60 ಹರ್ಟ್ಜ್, ಅಲ್ಲಿ ಇದೇ ಹಮ್ ಬಿ-ಫ್ಲ್ಯಾಟಿಗೂ ಬಿಗೂ ನಡುವೆ ಎಲ್ಲೋ ಬೀಳುತ್ತದೆ. ಅವತ್ತು ರಾತ್ರಿ ನಾನು ಆ ಜಿ ನುಡಿಸಿದಾಗಲೆಲ್ಲ ಸ್ವರ ಸೆಕೆಂಡಿಗೊಮ್ಮೆ ಉಬ್ಬಿ ಇಳಿಯುತ್ತಿತ್ತು. 50ರಲ್ಲಿ 49 ಕಳೆದರೆ ಒಂದು. ಲೆಕ್ಕ ಸರಿಯಾಗೇ ಇದೆ. ಕೇಳೋಕೆ ಮಾತ್ರ ಜೋಕಾಲಿಯಲ್ಲಿ ಕೂತ ಹಾಗಿತ್ತು.

ಮಾರನೇ ದಿನವೇ ಹೊಸ ಪಿಕಪ್ ಜೋಡಿ ಕೊಳ್ಳೋಣ ಅಂತ ಹೊರಟಿದ್ದೆ. ಎಂಟು ಸಾವಿರ ರೂಪಾಯಿ. ಬೇಸೇ ಸೆಕೆಂಡ್ ಹ್ಯಾಂಡಿನಲ್ಲಿ ಒಂಬತ್ತು ಸಾವಿರಕ್ಕೆ ತಂದಿದ್ದು. ಹೆಚ್ಚೂಕಡಿಮೆ ಕುದುರೆಯಷ್ಟೇ ಲಗಾಮಿಗೂ ಆಯ್ತಲ್ಲ ಅನ್ನಿಸಿ ಕೈ ತಡೆಯಿತು. ಮೊದಲು ಬಿಚ್ಚಿ ನೋಡೋಣ ಅಂತ ಕೂತೆ. ಮೂರು ವಾರಾಂತ್ಯ ಹಿಡಿಯಿತು.

ಬೇಸ್ ಯಾವುದು ಅಂತ ಹೇಳಿಬಿಡುತ್ತೇನೆ. ಕಂಪನಿ ಹೆಸರು ಬೇಡ, ಮಾದರಿ ಜಾಝ್ ಬೇಸಿನದು. ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ತಂದರು. 1957ರಲ್ಲಿ ಅದರ ಪಿಕಪ್ಪನ್ನು ಎರಡು ತುಂಡು ಮಾಡಿ, ಎರಡೂ ಸೇರಿ ಹಮ್ ಕಳೆಯುವಂತೆ ಮಾಡಿದರು. 1960ರಲ್ಲಿ ಜಾಝ್ ಬೇಸ್ ಬಂತು. ಅದರಲ್ಲಿ ಉದ್ದಕ್ಕೆ ತೆಳ್ಳಗಿನ ಎರಡು ಪಿಕಪ್, ಒಂದು ಕುತ್ತಿಗೆಯ (ನೆಕ್) ಕಡೆ, ಒಂದು ಬ್ರಿಡ್ಜಿನ (ತಂತಿಗಳನ್ನು ಕೆಳತುದಿಯಲ್ಲಿ ಹಿಡಿಯುವ ಲೋಹದ ತುಂಡು) ಕಡೆ. ಅವತ್ತಿನಿಂದ ಇವತ್ತಿನ ತನಕ ಅದರ ನಕಲುಗಳಿಗೆ ಲೆಕ್ಕವಿಲ್ಲ. ನನ್ನದು ಆ ವಂಶದ ದೂರದ ಬಡ ನೆಂಟ. ಎರಡು ವಾಲ್ಯೂಮ್ ನಾಬು, ಒಂದು ಟೋನ್ ನಾಬು, ಒಂದು ಜ್ಯಾಕು. ಒಳಗೆ ಬ್ಯಾಟರಿ ಗೀಟರಿ ಏನೂ ಇಲ್ಲ.

ಬಿಚ್ಚುವ ಮೊದಲು

ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಳ್ಳುವ ಮುಂಚೆ ಬರೀ ಕಿವಿಯಿಂದಲೇ ಅರ್ಧ ರೋಗ ಗೊತ್ತಾಗುತ್ತದೆ. ಆಂಪ್ ಜೋರು ಮಾಡಿ, ಒಂದೊಂದೇ ನಾಬ್ ತಿರುಗಿಸಿ ಕೇಳಿದೆ.

ಗಲಾಟೆ ಎರಡು ಥರ ಇತ್ತು. ಒಂದು ‘ಗುಂ’ ಅನ್ನುವ ದಪ್ಪ ಸದ್ದು. ಇನ್ನೊಂದು ಅದರ ಮೇಲೆ ‘ಜುಯ್’ ಅನ್ನುವ ಚೂಪು ಸದ್ದು. ತಂತಿಗೆ ಕೈ ಇಟ್ಟರೆ ಜುಯ್ ಕಡಿಮೆಯಾಗುತ್ತಿತ್ತು, ಗುಂ ಹಾಗೇ ಇರುತ್ತಿತ್ತು. ಎರಡೂ ವಾಲ್ಯೂಮ್ ಪೂರ್ತಿ ತೆರೆದರೆ ಗುಂ ಹೆಚ್ಚೂಕಡಿಮೆ ಮಾಯ. ಒಂದನ್ನು ಇಳಿಸಿದರೆ ವಾಪಸ್.

ಇದರಲ್ಲಿ ಒಳ್ಳೆಯ ಸುದ್ದಿಯೇ ಜಾಸ್ತಿ. ಕೈ ಇಟ್ಟಾಗ ಜುಯ್ ತಗ್ಗಿತು ಅಂದ್ರೆ ಬ್ರಿಡ್ಜಿನಿಂದ ಗ್ರೌಂಡಿಗೆ ಹೋಗುವ ವೈರ್ ಸರಿಯಾಗಿದೆ. ನಮ್ಮ ಮೈಯೇ ಆಂಟೆನಾ ಥರ ಸುತ್ತಲಿನ ಗಲಾಟೆ ಹಿಡಿದು ಗಿಟಾರಿಗೆ ದಾಟಿಸುತ್ತಿರುತ್ತದೆ. ತಂತಿ ಮುಟ್ಟಿದ ಕೂಡಲೇ ಮೈ ಗ್ರೌಂಡ್ ಆಗುತ್ತದೆ. ಕೊರತೆ ಇರುವುದು ಒಳಗಿನ ಶೀಲ್ಡಿಂಗಿನಲ್ಲಿ, ಅಂದ್ರೆ ಗಲಾಟೆ ತಡೆಯುವ ಲೋಹದ ಹೊದಿಕೆಯಲ್ಲಿ.

ಎರಡೂ ತೆರೆದಾಗ ಗುಂ ಹೋಯಿತು ಅಂದ್ರೆ ಪಿಕಪ್ಪುಗಳು ಸರಿಯಾದ ಜೋಡಿ. ಒಂದರ ಸುರುಳಿ ಇನ್ನೊಂದಕ್ಕೆ ಉಲ್ಟಾ ಸುತ್ತಿದೆ, ಅಯಸ್ಕಾಂತವೂ ಉಲ್ಟಾ ಇದೆ. ತಂತಿಯ ಸದ್ದು ಎರಡು ಸಲ ಉಲ್ಟಾ ಆಗಿ ಮತ್ತೆ ನೆಟ್ಟಗಾಗುತ್ತದೆ, ಎರಡರಿಂದ ಬಂದದ್ದು ಕೂಡುತ್ತದೆ. ಹಮ್ಮಿಗೆ ಅಯಸ್ಕಾಂತದ ಹಂಗಿಲ್ಲ. ಅದು ಒಂದೇ ಸಲ ಉಲ್ಟಾ ಆಗಿ, ಒಂದರದ್ದು ಇನ್ನೊಂದರದ್ದನ್ನು ಕಳೆದುಬಿಡುತ್ತದೆ. ಹಾಗಿದ್ದರೆ ಎಂಟು ಸಾವಿರ ಯಾಕೆ ಕೊಡಬೇಕು? ಇದೇ ಥರದ ಹೊಸ ಪಿಕಪ್ ತಂದಿದ್ದರೆ ಅದೂ ಒಂಟಿಯಾಗಿದ್ದಾಗ ಹೀಗೇ ಗುಂ ಅನ್ನುತ್ತಿತ್ತು.

ಇನ್ನೆರಡು ದೂರು ಉಳಿದವು. ಬ್ರಿಡ್ಜ್ ಪಿಕಪ್ಪಿನ ಮುಚ್ಚಳಕ್ಕೆ ಉಗುರಿನಿಂದ ತಟ್ಟಿದರೆ ಸ್ಪೀಕರಿನಲ್ಲಿ ಟಕ್ ಟಕ್ ಅಂತ ಜೋರಾಗಿ ಕೇಳುತ್ತಿತ್ತು. ಸ್ಟೇಜಿನಲ್ಲಿ ಮಾನಿಟರ್ ಪಕ್ಕ ನಿಂತರೆ ಅದೇ ಕೀರಲು ಹಾಕುತ್ತಿತ್ತು. ಒಳಗೆ ಸುರುಳಿ ಸಡಿಲ ಅಂತ ಅರ್ಥ. ಇನ್ನು ಟೋನ್ ನಾಬು. ಹತ್ತರಿಂದ ಎರಡರವರೆಗೆ ತಿರುಗಿಸಿದರೂ ಏನೂ ಬದಲಾಗುತ್ತಿರಲಿಲ್ಲ. ಎರಡು ದಾಟಿದ ಮೇಲೆ ಥಟ್ಟನೆ ಸ್ಪೀಕರ್ ಮೇಲೆ ಕಂಬಳಿ ಹೊದಿಸಿದ ಹಾಗೆ. ಅದು ನಾಬ್ ಅಲ್ಲ, ಸ್ವಿಚ್.

ಒಳಗೆ ಕಂಡದ್ದು

ತಂತಿ ಸಡಿಲಿಸಿ, ನಾಬುಗಳಿರುವ ಲೋಹದ ತಟ್ಟೆಯ ಸ್ಕ್ರೂ ತೆಗೆದೆ. ಮೊದಲ ಕೆಲಸ, ಮೊಬೈಲಿನಲ್ಲಿ ನಾಲ್ಕು ಫೋಟೋ. ಹಿಂದೊಮ್ಮೆ ಹೀಗೆ ಫೋಟೋ ತೆಗೆಯದೆ ಟೇಪ್‌ರೆಕಾರ್ಡರ್ ಬಿಚ್ಚಿದ್ದೆ. ಅದು ಇವತ್ತಿಗೂ ಅಟ್ಟದ ಮೇಲೆ ಡಬ್ಬದಲ್ಲಿದೆ.

ಒಳಗಿನ ಕುಳಿ ಬರೀ ಮರ. ಕಪ್ಪು ಬಣ್ಣವೂ ಇಲ್ಲ, ಫಾಯಿಲೂ ಇಲ್ಲ. ಬೆಸುಗೆಗಳು ಮಂಕಾಗಿ, ಉಂಡೆ ಉಂಡೆಯಾಗಿ ಕೂತಿದ್ದವು. ಒಂದನ್ನು ಇಕ್ಕಳದಲ್ಲಿ ಮೆಲ್ಲಗೆ ಎಳೆದರೆ ವೈರ್ ಬೆಸುಗೆಯಿಂದ ಹಲ್ಲು ಕಿತ್ತ ಹಾಗೆ ಈಚೆಗೆ ಬಂತು. ಪಾಟುಗಳ (ನಾಬಿನ ಕೆಳಗಿರುವ, ತಿರುಗಿಸಿದಂತೆ ರೆಸಿಸ್ಟೆನ್ಸ್ ಬದಲಾಗುವ ಭಾಗ) ಬೆನ್ನ ಮೇಲೆ ‘ಬಿ500ಕೆ’ ಅಂತ ಬರೆದಿತ್ತು, ‘ಕೆ’ ಅಂದ್ರೆ ಕಿಲೋ ಓಮ್. ಚೂಪು ದನಿಯನ್ನು (ಟ್ರೆಬಲ್) ಕಳೆಯುವ ಕೆಪಾಸಿಟರ್ ಬಿಸ್ಕತ್ತಿನ ಬಣ್ಣದ ಪುಟ್ಟ ಸೆರಾಮಿಕ್ ಬಿಲ್ಲೆ, ಮೇಲೆ ‘104’.

ಈ ಎರಡು ಗುರುತು ನೋಡಿದ ಮೇಲೆ ಟೋನ್ ನಾಬಿನ ಕಥೆ ಬಿಡಿಸಿಕೊಂಡಿತು. ‘ಬಿ’ ಅಂದ್ರೆ ಲೀನಿಯರ್ ಪಾಟ್, ಅರ್ಧ ತಿರುಗಿಸಿದರೆ ಅರ್ಧ ರೆಸಿಸ್ಟೆನ್ಸ್. 500ಕೆ ಅರ್ಧವಾದರೆ ಇನ್ನೂ 250ಕೆ ಉಳಿದಿರುತ್ತದೆ. ಅಷ್ಟು ದೊಡ್ಡ ಅಡ್ಡಿ ದಾಟಿ ಕೆಪಾಸಿಟರಿಗೆ ಟ್ರೆಬಲ್ ಹರಿಯುವುದೇ ಇಲ್ಲ. ಕಿವಿಗೆ ಗೊತ್ತಾಗುವ ಬದಲಾವಣೆಯೆಲ್ಲ ಕೊನೆಯ ಕೆಲವು ಹತ್ತು ಕಿಲೋ ಓಮಿನಲ್ಲಿ ಇರುವುದು. ‘ಎ’ ಅಂತ ಬರೆದ ಆಡಿಯೋ ಟೇಪರ್ ಪಾಟಾದರೆ ಅರ್ಧಕ್ಕೆ ಬರುವಷ್ಟರಲ್ಲಿ ಹತ್ತಿರ ಹತ್ತಿರ ಹತ್ತರಲ್ಲೊಂದು ಪಾಲಿಗೆ ಇಳಿದಿರುತ್ತದೆ. ನಾಬಿನ ಇಡೀ ದಾರಿ ಉಪಯೋಗಕ್ಕೆ ಬರುತ್ತದೆ. 104 ಅಂದ್ರೆ 10ರ ಮುಂದೆ ನಾಲ್ಕು ಸೊನ್ನೆ ಪಿಕೋ ಫ್ಯಾರಡ್, ಅಂದ್ರೆ 0.1 ಮೈಕ್ರೋ ಫ್ಯಾರಡ್. ಈ ಬೇಸಿಗೆ ಸಾಮಾನ್ಯವಾಗಿ ಹಾಕುವುದಕ್ಕಿಂತ ಎರಡು ಪಟ್ಟು ದೊಡ್ಡದು. ಅದಕ್ಕೇ ಕಂಬಳಿ.

ಪಿಕಪ್ಪುಗಳ ವೈರ್ ಬಿಡಿಸಿ ಮಲ್ಟಿಮೀಟರಿನಲ್ಲಿ ಅಳೆದೆ. ನೆಕ್ಕಿನದು 7.2ಕೆ, ಬ್ರಿಡ್ಜಿನದು 7.7ಕೆ. ಎರಡೂ ಆರೋಗ್ಯವಾಗಿವೆ. ಮೀಟರ್ ಹಾಗೇ ಇಟ್ಟು, ಸ್ಕ್ರೂಡ್ರೈವರಿನ ತುದಿಯನ್ನು ಅಯಸ್ಕಾಂತಕ್ಕೆ ತಾಗಿಸಿ ಪಟ್ಟನೆ ಕಿತ್ತೆ. ಅಂಕಿ ಒಂದು ಕ್ಷಣ ಮೇಲಕ್ಕೆ ನೆಗೆಯಿತು. ಇನ್ನೊಂದು ಪಿಕಪ್ಪಿನಲ್ಲೂ ಮೇಲಕ್ಕೇ ನೆಗೆಯಿತು. ಎರಡೂ ಒಂದೇ ದಿಕ್ಕಿಗೆ ನೆಗೆದರೆ ಫೇಸ್, ಅಂದ್ರೆ ಎರಡರ ಸದ್ದಿನ ದಿಕ್ಕು, ಸರಿ ಇದೆ. ಒಂದು ಮೇಲೆ, ಒಂದು ಕೆಳಗೆ ಹೋದರೆ ಒಂದರ ಎರಡು ವೈರ್ ಅದಲು ಬದಲು ಮಾಡಬೇಕು. ಇಲ್ಲದಿದ್ದರೆ ಎರಡೂ ತೆರೆದಾಗ ಬೇಸಿನ ಸದ್ದು ಹಳೇ ಲ್ಯಾಂಡ್‌ಲೈನ್ ಫೋನಿನಲ್ಲಿ ಕೇಳಿದ ಹಾಗೆ ಸಪ್ಪೆಯಾಗುತ್ತದೆ.

ಎಸ್.ಪಿ. ರೋಡು

ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಬಿಡಿಭಾಗ ಅಂದ್ರೆ ಸಾದರ ಪತ್ರಪ್ಪ ರಸ್ತೆ. ಆ ಪೂರ್ತಿ ಹೆಸರು ಹೇಳಿದರೆ ಆಟೋದವರೇ ಒಂದು ಕ್ಷಣ ಯೋಚನೆ ಮಾಡುತ್ತಾರೆ, ಎಸ್.ಪಿ. ರೋಡ್ ಅಂದ್ರೆ ಎಲ್ಲರಿಗೂ ಗೊತ್ತು. ಶನಿವಾರ ಹನ್ನೊಂದಕ್ಕೆ ಹೋದೆ. ಹೆಗಲು ತಾಗಿಸದೆ ನಡೆಯೋಕೆ ಜಾಗ ಇರಲಿಲ್ಲ.

‘ಯಾವ ಆಂಪ್ಲಿಫೈಯರ್ ಸಾರ್?’

‘ಆಂಪ್ಲಿಫೈಯರ್ ಅಲ್ಲ, ಗಿಟಾರಿಗೆ. ಎ250ಕೆ ಪಾಟ್ ಎರಡು, ದೊಡ್ಡ ಸೈಜು.’

ಅಂಗಡಿಯವರು ಹಿಂದೆ ತಿರುಗಿ ನೋಡದೆಯೇ ಒಂದು ಡ್ರಾಯರ್ ಎಳೆದರು. ಸಾವಿರ ಡ್ರಾಯರುಗಳ ಮಧ್ಯೆ ಅದೇ. ಹಸಿರು ಪಾಲಿಯೆಸ್ಟರ್ ಕೆಪಾಸಿಟರುಗಳನ್ನು 223, 333, 473 ಹೀಗೆ ಮೂರು ಅಳತೆಯಲ್ಲಿ ಎರಡೆರಡು ತಗೊಂಡೆ. ಆರಕ್ಕೂ ಸೇರಿ ಇಪ್ಪತ್ತು ರೂಪಾಯಿ ಒಳಗೆ. ಗಿಟಾರಿನವರು ಒಂದೊಂದು ಕೆಪಾಸಿಟರಿಗೆ ಐನೂರು ಸಾವಿರ ಕೊಟ್ಟು ಹಳೇ ಕಾಲದ ಮಾಲು ತರಿಸುತ್ತಾರೆ. ತರಿಸಲಿ ಬಿಡಿ, ಅವರ ದುಡ್ಡು. ಅಳತೆ ಒಂದೇ ಇದ್ದರೆ ಈ ಹಸಿರಿಗೂ ಅವರ ಕಿತ್ತಳೆ ಬಣ್ಣದ್ದಕ್ಕೂ ನನ್ನ ಕಿವಿಗೆ ವ್ಯತ್ಯಾಸ ಸಿಕ್ಕಿಲ್ಲ.

ಎಳೆದರೆ ಸ್ವಿಚ್ ಆಗುವ ಪುಶ್-ಪುಲ್ ಪಾಟ್ ಮಾತ್ರ ಅಲ್ಲಿ 250ಕೆಯಲ್ಲಿ ಸಿಗಲಿಲ್ಲ. ಅದನ್ನು ಆನ್‌ಲೈನಿನಲ್ಲಿ ತರಿಸಿದೆ, 380 ರೂಪಾಯಿ. ಆರ್ಡರ್ ಮಾಡುವ ಮೊದಲು ಕುಳಿಯ ಆಳ ಸ್ಟೀಲ್ ಸ್ಕೇಲಿನಲ್ಲಿ ಅಳೆದಿದ್ದೆ. ಈ ಪಾಟಿನ ಬಾಲ ಉದ್ದ. ಕುಳಿ ತೆಳ್ಳಗಿದ್ದರೆ ತಟ್ಟೆ ಮುಚ್ಚೋದೇ ಇಲ್ಲ. ನನ್ನದರಲ್ಲಿ ಒಂದು ಬೆರಳಿನಗಲ ಉಳಿಯಿತು. ಆದರೆ ಹೊಸ ಪಾಟುಗಳ ಕುತ್ತಿಗೆ ದಪ್ಪ. ಹಳೆಯವು ಚಿಕ್ಕ ಪಾಟುಗಳಾದ್ದರಿಂದ ತಟ್ಟೆಯ ತೂತುಗಳೂ ಚಿಕ್ಕವು. ದುಂಡು ಅರದಿಂದ ಉಜ್ಜಿ ಮೂರು ತೂತು ದೊಡ್ಡದು ಮಾಡುವಷ್ಟರಲ್ಲಿ ಒಂದು ಕ್ರಿಕೆಟ್ ಮ್ಯಾಚಿನ ಒಂದು ಇನ್ನಿಂಗ್ಸ್ ಮುಗಿಯಿತು.

ಮೇಣದ ಸ್ನಾನ

ಸಡಿಲ ಸುರುಳಿಗೆ ಮದ್ದು ಮೇಣ. ಕರಗಿದ ಮೇಣದಲ್ಲಿ ಪಿಕಪ್ ಮುಳುಗಿಸಿದರೆ ಸುತ್ತುಗಳ ಮಧ್ಯದ ಗಾಳಿ ಹೊರಗೆ ಬಂದು ಮೇಣ ಒಳಗೆ ಹೋಗುತ್ತದೆ. ಆರಿದ ಮೇಲೆ ಯಾವ ಸುತ್ತೂ ಅಲುಗುವುದಿಲ್ಲ. ನಾಲ್ಕು ಪಾಲು ಮಾಮೂಲಿ ಬಿಳಿ ಮೇಣದಬತ್ತಿ, ಒಂದು ಪಾಲು ಜೇನುಮೇಣ. ಬರೀ ಬತ್ತಿಯ ಮೇಣ ಆರಿದ ಮೇಲೆ ಬಿರುಕು ಬಿಡುತ್ತದೆ, ಜೇನುಮೇಣ ಅದಕ್ಕೆ ಜಿಗುಟು ಕೊಡುತ್ತದೆ. ಶಿರಸಿ ಕಡೆ ಜೇನು ಸಾಕುವ ನೆಂಟರೊಬ್ಬರಿದ್ದಾರೆ, ಹೋದ ವರ್ಷ ಕೊಟ್ಟಿದ್ದ ಒಂದು ಗಡ್ಡೆ ಡಬ್ಬದಲ್ಲಿತ್ತು.

ಮೇಣವನ್ನು ನೇರ ಉರಿಯ ಮೇಲೆ ಇಡಲೇಬಾರದು. ಬೆಂಕಿ ಹತ್ತಿಕೊಳ್ಳುತ್ತದೆ. ದೊಡ್ಡ ಪಾತ್ರೆಯಲ್ಲಿ ನೀರು, ಅದರೊಳಗೆ ಸಣ್ಣ ಸ್ಟೀಲ್ ಬಟ್ಟಲಿನಲ್ಲಿ ಮೇಣ, ಕೆಳಗೆ ಇಂಡಕ್ಷನ್ ಒಲೆ. ಶಾಖ ನೋಡೋಕೆ ಮಲ್ಟಿಮೀಟರ್ ಜೊತೆ ಬಂದಿದ್ದ ಪ್ರೋಬ್ ಇಳಿಬಿಟ್ಟೆ. 65 ಡಿಗ್ರಿಯಲ್ಲಿ ಹಿಡಿದಿಟ್ಟರೆ ಸಾಕು. ಜಾಸ್ತಿ ಆದರೆ ಸುರುಳಿ ಸುತ್ತಿರುವ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ.

ಅಮ್ಮ ಅಡುಗೆಮನೆಗೆ ಬಂದು ಬಗ್ಗಿ ನೋಡಿದರು. ‘ಏನೋ ಇದು, ಗಿಟಾರ್ ಬೇಯಿಸ್ತಾ ಇದ್ದೀಯಾ?’

‘ಇಪ್ಪತ್ತು ನಿಮಿಷ ಅಮ್ಮ.’

‘ಆ ಬಟ್ಟಲು ಇನ್ಮೇಲೆ ನಿಂದೇ. ಮತ್ತೆ ನನ್ನ ಸಾಲಿಗೆ ತಂದಿಡಬೇಡ.’

ಮುಚ್ಚಳ ತೆಗೆದ ಪಿಕಪ್ಪನ್ನು ವೈರಿನಿಂದ ಹಿಡಿದು ಮೆಲ್ಲಗೆ ಇಳಿಸಿದೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಸುರುಳಿಯ ಅಂಚಿನಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲಾಗಿ ಏಳತೊಡಗಿದವು. ಸೋಡಾ ಲೋಟದ ಗೋಡೆಯಲ್ಲಿ ಏಳುತ್ತವಲ್ಲ, ಹಾಗೆ. ಒಂದು ಮೂಲೆಯಿಂದ ಮಾತ್ರ ಜಾಸ್ತಿ. ಸಡಿಲ ಇದ್ದದ್ದು ಅಲ್ಲೇ ಇರಬೇಕು. ಹತ್ತು ನಿಮಿಷಕ್ಕೆ ಗುಳ್ಳೆ ಕಡಿಮೆಯಾಯಿತು, ಹದಿನೆಂಟಕ್ಕೆ ನಿಂತೇ ಹೋಯಿತು.

ಮೇಲೆತ್ತಿ ಬಿಸಿಬಿಸಿ ಇರುವಾಗಲೇ ಮೀಟರ್ ಇಟ್ಟೆ. 8.8ಕೆ! ಎದೆ ಧಸಕ್ ಅಂತು. 7.7 ಇದ್ದದ್ದು 8.8 ಹೇಗಾಯ್ತು? ಸುರುಳಿಯ ವೈರ್ ತಲೆಕೂದಲಿನಷ್ಟು ತೆಳ್ಳಗೆ, ಸಾವಿರಗಟ್ಟಲೆ ಸುತ್ತು. ಎಲ್ಲೋ ಏನೋ ಹರಿದೇಬಿಟ್ಟೆ ಅಂದುಕೊಂಡೆ. ಟೀ ಕುಡಿಯುತ್ತಾ ಕೂತಾಗ ಹೊಳೆಯಿತು. ತಾಮ್ರ ಬಿಸಿಯಾದರೆ ಅದರ ರೆಸಿಸ್ಟೆನ್ಸ್ ಡಿಗ್ರಿಗೆ ಸುಮಾರು 0.39 ಶೇಕಡಾ ಏರುತ್ತದೆ. ಹೊರಗೆ 27, ಮೇಣ 65, ಮಧ್ಯೆ 38 ಡಿಗ್ರಿ. ಗುಣಿಸಿದರೆ ಹೆಚ್ಚೂಕಡಿಮೆ 15 ಶೇಕಡಾ. 7.7ಕ್ಕೆ 15 ಶೇಕಡಾ ಸೇರಿಸಿದರೆ 8.8. ಒಂದು ಗಂಟೆ ಬಿಟ್ಟು ಅಳೆದರೆ ಮತ್ತೆ 7.7. ಮೇಲೆ ಅಂಟಿದ್ದ ಮೇಣವನ್ನು ಹಳೇ ಪಂಚೆಯ ತುಂಡಿನಿಂದ ಒರೆಸಿದೆ, ಸುರುಳಿಯನ್ನು ಉಜ್ಜದೆ. ಆಮೇಲೆ ಉಗುರಿನಿಂದ ತಟ್ಟಿದಾಗ ಟಕ್ ಟಕ್ ಇಲ್ಲ. ಮಂದವಾಗಿ ಡಬ್ ಅಂತು ಅಷ್ಟೆ.

ತಾಮ್ರದ ಗೂಡು

ಕುಳಿಗಳಿಗೆಲ್ಲ ತಾಮ್ರದ ಟೇಪ್ ಅಂಟಿಸಿದೆ. ಇಲ್ಲಿ ಮೋಸಹೋಗುವವರೇ ಜಾಸ್ತಿ. ಟೇಪಿನ ಮೇಲ್ಮೈ ತಾಮ್ರ ನಿಜ, ಹಿಂದಿನ ಅಂಟಿನಲ್ಲಿ ಕರೆಂಟು ಹರಿಯದಿದ್ದರೆ ಒಂದರ ಮೇಲೊಂದು ಅಂಟಿಸಿದ ಪಟ್ಟಿಗಳು ಒಂದಕ್ಕೊಂದು ಸೇರಿರುವುದಿಲ್ಲ. ನನ್ನದು ಅಗ್ಗದ ಟೇಪು. ಮೀಟರನ್ನು ಬೀಪ್‌ಗೆ ಇಟ್ಟು ಎರಡು ಪಟ್ಟಿಗೆ ತಾಗಿಸಿದೆ, ಸದ್ದಿಲ್ಲ. ಪ್ರತಿ ಸೇರುವೆಯಲ್ಲೂ ಒಂದೊಂದು ಬೊಟ್ಟು ಬೆಸುಗೆ ಇಟ್ಟು ಮುಗಿಸಿದೆ. ಫಾಯಿಲನ್ನು ಕುಳಿಯ ಅಂಚು ದಾಟಿಸಿ ಒಂಚೂರು ಮೇಲಕ್ಕೆ ಮಡಚಿದರೆ ಲೋಹದ ತಟ್ಟೆ ಅದರ ಮೇಲೆ ಕೂತು ಮುಚ್ಚಳವೂ ಆಗುತ್ತದೆ. ಪಿಕಪ್ ಕುಳಿಗಳಿಂದ ಒಂದೊಂದು ವೈರ್ ತಂದು ಗ್ರೌಂಡಿಗೆ ಸೇರಿಸಿದೆ. ತಾಮ್ರದ ಅಂಚು ಬ್ಲೇಡಿನಷ್ಟು ಚೂಪು. ಎರಡು ಬೆರಳಿಗೆ ಬ್ಯಾಂಡೇಜು, ತಂತಿ ಒತ್ತುವ ಕೈಯದ್ದೇ.

ಶೀಲ್ಡಿಂಗ್ ಮಾಡಿದರೆ ಹಮ್ ಎಲ್ಲಾ ಹೋಗುತ್ತೆ ಅಂತ ಹೇಳುವವರಿದ್ದಾರೆ. ಹೋಗಲ್ಲ. ಹೋಗೋದು ಆ ‘ಜುಯ್’. ಟ್ರಾನ್ಸ್‌ಫಾರ್ಮರಿನಿಂದ ಬರುವ ‘ಗುಂ’ ಅಯಸ್ಕಾಂತದ ಬಾಬತ್ತು, ತೆಳ್ಳಗಿನ ತಾಮ್ರ ಅದನ್ನು ತಡೆಯೋದಿಲ್ಲ.

ಸೀರಿಯಲ್ ಸೆಟ್ ಪಾಠ

ಜಾಝ್ ಬೇಸಿನಲ್ಲಿ ಎರಡು ಪಿಕಪ್ ಪ್ಯಾರಲಲ್ಲಾಗಿ, ಅಂದ್ರೆ ತಲೆಗೆ ತಲೆ, ಬಾಲಕ್ಕೆ ಬಾಲ ಸೇರಿರುತ್ತವೆ. ಸದ್ದು ಸ್ಪಷ್ಟ, ಮಧ್ಯದಲ್ಲಿ ಸ್ವಲ್ಪ ಟೊಳ್ಳು. ನಮ್ಮ ಆರ್ಕೆಸ್ಟ್ರಾದಲ್ಲಿ ಎಂಬತ್ತರ ದಶಕದ ಇಳಯರಾಜ ಹಾಡುಗಳಿಲ್ಲದೆ ಕಾರ್ಯಕ್ರಮ ಮುಗಿಯೋದಿಲ್ಲ. ಆ ಹಾಡುಗಳಲ್ಲಿ ಬೇಸ್ ತನ್ನದೇ ಒಂದು ರಾಗ ಹಾಡುತ್ತಾ ಹೋಗುತ್ತದೆ. ಡೋಲಕ್, ತಬಲಾ, ಪ್ಯಾಡ್ ಎಲ್ಲದರ ಮಧ್ಯೆ ಅದು ಕೇಳಬೇಕಾದರೆ ಮಧ್ಯದ ದನಿ ಬೇಕು. ಅದಕ್ಕೆ ಎರಡೂ ಪಿಕಪ್ಪುಗಳನ್ನು ಸೀರೀಸ್ ಮಾಡುವ ಸ್ವಿಚ್. ಹೈಸ್ಕೂಲಿನಲ್ಲಿ ಸರಣಿ ಜೋಡಣೆ ಅಂತ ಓದಿದ್ದೇ ಇದು. ಹಬ್ಬದ ಸೀರಿಯಲ್ ಸೆಟ್ಟಿನ ಬಲ್ಬುಗಳ ಹಾಗೆ ಒಂದರ ಬಾಲಕ್ಕೆ ಇನ್ನೊಂದರ ತಲೆ.

ಪುಶ್-ಪುಲ್ ಪಾಟಿನ ಹಿಂದೆ ಆರು ಕಾಲು, ಮೂರು ಮೂರರ ಎರಡು ಸಾಲು. ಮೊದಲ ಸಾಲಿನ ನಡುಗಾಲಿಗೆ ನೆಕ್ ಪಿಕಪ್ಪಿನ ಗ್ರೌಂಡ್ ವೈರ್. ನಾಬ್ ಒಳಗಿದ್ದಾಗ ಅದು ಗ್ರೌಂಡಿಗೆ ಸೇರಬೇಕು, ಎಳೆದಾಗ ಬ್ರಿಡ್ಜ್ ಪಿಕಪ್ಪಿನ ಹಾಟ್ ವೈರಿಗೆ, ಅಂದ್ರೆ ಸದ್ದು ಹೊರುವ ವೈರಿಗೆ. ಎರಡನೇ ಸಾಲಿನ ನಡುಗಾಲಿಗೆ ಬ್ರಿಡ್ಜಿನ ಹಾಟ್. ಒಳಗಿದ್ದಾಗ ಅದು ತನ್ನ ವಾಲ್ಯೂಮ್ ಪಾಟಿಗೆ ಹೋಗುತ್ತದೆ, ಎಳೆದಾಗ ಪಾಟಿನಿಂದ ಬಿಟ್ಟುಕೊಳ್ಳುತ್ತದೆ. ಒಟ್ಟು ಒಂದು ಜಂಪರ್ ವೈರ್, ಮೊದಲ ಸಾಲಿನ ‘ಎಳೆದಾಗ’ ಕಾಲಿನಿಂದ ಎರಡನೇ ಸಾಲಿನ ನಡುಗಾಲಿಗೆ. ಎಳೆದಾಗ ನೆಕ್ಕಿನ ವಾಲ್ಯೂಮೇ ಯಜಮಾನ.

ಎಲ್ಲಾ ಬೆಸೆದು, ತಟ್ಟೆ ಮುಚ್ಚಿ, ಆಂಪಿಗೆ ಸಿಕ್ಕಿಸಿದೆ. ಪ್ಯಾರಲಲ್ ಚೆನ್ನಾಗಿತ್ತು. ನಾಬ್ ಎಳೆದೆ. ಸದ್ದು ಜೋರಾಗಬೇಕಿತ್ತು, ಬದಲಿಗೆ ನೆಕ್ ಪಿಕಪ್ ಒಂದೇ ಮಾತಾಡುತ್ತಿತ್ತು, ಜೊತೆಗೆ ಗುಂ. ಕೇಬಲಿನ ಇನ್ನೊಂದು ತುದಿಗೆ ಮೀಟರ್ ಹಿಡಿದೆ. ಎರಡು ಪಿಕಪ್ ಕೂಡಿದರೆ 14.9ಕೆ, ಎರಡು ವಾಲ್ಯೂಮ್ ಪಾಟುಗಳ ಹೊರೆ ಕಳೆದು ಸುಮಾರು 13.3 ತೋರಿಸಬೇಕು. ತೋರಿಸಿದ್ದು 6.8. ಅಂದ್ರೆ ನೆಕ್ ಮಾತ್ರ. ಬ್ರಿಡ್ಜಿನ ಹಾಟ್ ಎಲ್ಲೋ ಗ್ರೌಂಡಿಗೆ ತಾಗಿದೆ. ಆದರೆ ಪ್ಯಾರಲಲ್ಲಿನಲ್ಲಿ ಬ್ರಿಡ್ಜ್ ಸರಿಯಾಗಿ ಕೇಳುತ್ತಿತ್ತಲ್ಲ?

ಅರ್ಧ ಗಂಟೆ ತಲೆ ಕೆರೆದುಕೊಂಡೆ. ತಟ್ಟೆ ಎತ್ತಿದರೆ 13.3. ಮುಚ್ಚಿದರೆ 6.8. ಎತ್ತಿದರೆ ಸರಿ, ಮುಚ್ಚಿದರೆ ಇಲ್ಲ. ಕೊನೆಗೆ ಟಾರ್ಚ್ ಹಾಕಿ ಓರೆಯಾಗಿ ಇಣುಕಿದೆ. ನೆಕ್ ಪಿಕಪ್ಪಿನ ಗ್ರೌಂಡ್ ವೈರ್ ಸ್ವಿಚ್ ಕಾಲಿಗೆ ಸೇರುವ ಕಡೆ ನಾಲ್ಕು ಮಿ.ಮೀ. ಬೆತ್ತಲೆ ಇತ್ತು. ತಟ್ಟೆ ಕೂತಾಗ ಅದು ನನ್ನ ಚೆಂದದ ತಾಮ್ರದ ಗೋಡೆಗೆ ಒರಗುತ್ತಿತ್ತು. ಪ್ಯಾರಲಲ್ಲಿನಲ್ಲಿ ಆ ವೈರ್ ಹೇಗೂ ಗ್ರೌಂಡೇ, ತಾಗಿದರೆ ನಷ್ಟವಿಲ್ಲ. ಸೀರೀಸಿನಲ್ಲಿ ಅದೇ ವೈರ್ ಬ್ರಿಡ್ಜಿನ ತಲೆ, ತಾಗಿದರೆ ಬ್ರಿಡ್ಜ್ ಮುಗಿದಂತೆ. ಬರೀ ಮರದ ಕುಳಿ ಇದ್ದಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ. ವೈರಿಗೆ ಸ್ಲೀವ್ ಹಾಕಿ, ಎದುರಿನ ಗೋಡೆಗೆ ಎರಡು ಸುತ್ತು ಇನ್ಸುಲೇಷನ್ ಟೇಪ್ ಅಂಟಿಸಿದೆ. 13.3 ನಿಂತಿತು.

ಎಳೆದಾಗ ಬಂದ ಸದ್ದು ದಪ್ಪ, ಜೋರು, ಟ್ರೆಬಲ್ ಕಡಿಮೆ. ಹಲಸಿನ ಹಣ್ಣಿನ ತೊಳೆ ಕಚ್ಚಿದ ಹಾಗೆ ತುಂಬಿಕೊಳ್ಳುತ್ತದೆ. ಹಮ್ಮೂ ಇಲ್ಲ, ಯಾಕೆಂದರೆ ಉಲ್ಟಾ ಜೋಡಿ ಸೀರೀಸಿನಲ್ಲೂ ಕಳೆಯುತ್ತದೆ.

ಟೋನ್ ಕೆಪಾಸಿಟರ್ ಆರಿಸಿದ್ದು ಇದಾದ ಮೇಲೆ. ಟೋನ್ ಪಾಟಿನಿಂದ ಎರಡು ವೈರ್ ಹೊರಗೆ ತಂದು, ಕ್ರೊಕೊಡೈಲ್ ಕ್ಲಿಪ್ಪಿಗೆ ಒಂದೊಂದೇ ಕೆಪಾಸಿಟರ್ ಕಚ್ಚಿಸಿ, ನಾಬ್ ಪೂರ್ತಿ ಮುಚ್ಚಿ ನುಡಿಸಿದೆ. ನಾಬ್ ಪೂರ್ತಿ ತೆರೆದಿದ್ದರೆ ಯಾವುದು ಹಾಕಿದರೂ ಹೆಚ್ಚೂಕಡಿಮೆ ಒಂದೇ, ಮುಚ್ಚಿದಾಗಲೇ ಬಣ್ಣ ಗೊತ್ತಾಗೋದು. 473, ಅಂದ್ರೆ 0.047, ಎಲ್ಲರೂ ಹಾಕುವುದು. ಪೂರ್ತಿ ಮುಚ್ಚಿದರೆ ಮೃದಂಗದ ಎಡಗಡೆಯಂತೆ ಗುಮುಕಿ ಮಾತ್ರ ಉಳಿಯುತ್ತದೆ. 223ರಲ್ಲಿ ಮೂಗಿನ ದನಿ. 333 ನಡುವಿನದು. ಪೂರ್ತಿ ಮುಚ್ಚಿದರೂ ಬೆರಳು ತಂತಿ ಬಿಟ್ಟ ಕ್ಷಣ ಕೇಳುತ್ತದೆ. ಅದನ್ನೇ ಬೆಸೆದೆ. ಕಾಲುಗಳನ್ನು ಮಾತ್ರ ಉದ್ದ ಬಿಟ್ಟಿದ್ದೇನೆ, ಮನಸ್ಸು ಬದಲಾದರೆ ಕತ್ತರಿಸೋಕೆ ಇರಲಿ ಅಂತ.

ಪಿಕಪ್ ಎತ್ತರಕ್ಕೆ ನನ್ನ ಅಳತೆ ಒಂದು ರೂಪಾಯಿ ನಾಣ್ಯ. ಎರಡು ಇಟ್ಟರೆ 3 ಮಿ.ಮೀ. ಹತ್ತಿರ ಬರುತ್ತದೆ. ಕೊನೆಯ ಫ್ರೆಟ್ ಒತ್ತಿ ಹಿಡಿದು, ಪಿಕಪ್ಪಿಗೂ ತಂತಿಗೂ ನಡುವೆ ತೂರಿಸಿ ನೋಡುವುದು. ನಮ್ಮ ಸ್ಟೀಲ್ ನಾಣ್ಯಕ್ಕೆ ಅಯಸ್ಕಾಂತ ಹಿಡಿಯುತ್ತದೆ ಅನ್ನುವುದು ಮರೆತಿದ್ದೆ. ನಾಣ್ಯ ಕೈಯಿಂದ ಟಪ್ ಅಂತ ಹಾರಿ ಪಿಕಪ್ಪಿಗೆ ಅಂಟಿಕೊಂಡಿತು. ಒಂದು ಥರ ಅನುಕೂಲವೇ, ಬಿಡಿ, ಹಿಡಿದುಕೊಳ್ಳೋಕೆ ಮೂರನೇ ಕೈ ಬೇಡ. ಪಿಕಪ್ ತುಂಬಾ ಹತ್ತಿರ ಏರಿಸಿದರೆ ಅಯಸ್ಕಾಂತ ತಂತಿಯನ್ನೇ ಎಳೆಯುತ್ತದೆ, ದಪ್ಪ ತಂತಿಯ ಮೇಲಿನ ಫ್ರೆಟ್ಟುಗಳಲ್ಲಿ ಸ್ವರ ಓಲಾಡುತ್ತದೆ. ಬ್ರಿಡ್ಜಿನ ಹತ್ತಿರ ತಂತಿ ಕಡಿಮೆ ಅಲುಗುವುದರಿಂದ ಆ ಪಿಕಪ್ಪನ್ನು ನೆಕ್ಕಿನದಕ್ಕಿಂತ ಕಾಲು ಸುತ್ತು ಮೇಲೆ ನಿಲ್ಲಿಸಿದೆ. ಕೆಳಗಿನ ಸ್ಪಾಂಜು ಸತ್ತುಹೋಗಿತ್ತು. ಹಳೇ ಚಪ್ಪಲಿಯ ಸೋಲಿನಿಂದ ಎರಡು ತುಂಡು ಕತ್ತರಿಸಿ ಹಾಕಿದೆ.

ಸ್ಟೇಜಿನಲ್ಲಿ

ಒಟ್ಟು ಖರ್ಚು 1,140 ರೂಪಾಯಿ, ಅಮ್ಮನ ಬಟ್ಟಲು ಬಿಟ್ಟು.

ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಒಯ್ದೆ. ಬೇಸಿನ ತಂತಿ ಬ್ರಿಡ್ಜಿನ ಮೂಲಕ ಆಂಪಿನ ಅರ್ತಿಗೆ ಸೇರಿರುತ್ತದೆ. ಮೈಕು ಇನ್ನೊಂದು ಪಾಯಿಂಟಿನ ಅರ್ತಿಗೆ. ಎರಡು ಅರ್ತ್ ಒಂದೇ ಇಲ್ಲದಿದ್ದರೆ, ಕೈ ತಂತಿಯ ಮೇಲಿರುವಾಗ ತುಟಿ ಮೈಕಿಗೆ ತಾಗಿದರೆ ಶಾಕ್ ಹೊಡೆಯುತ್ತದೆ. ನನಗೆ ಎರಡು ಸಲ ಆಗಿದೆ. ಈಗ ಹಾಡುವವರ ಮಿಕ್ಸರೂ ನನ್ನ ಆಂಪೂ ಒಂದೇ ಬೋರ್ಡಿನಿಂದ ಕರೆಂಟು ತೆಗೆದುಕೊಳ್ಳುತ್ತವೆ. ಹಮ್ ಹೋಗುತ್ತೆ ಅಂತ ಆಂಪಿನ ಪ್ಲಗ್ಗಿನ ದಪ್ಪ ಅರ್ತ್ ಪಿನ್ ಮುರಿದು ಕೊಡುವ ಎಲೆಕ್ಟ್ರಿಷಿಯನ್ನರು ಇದ್ದಾರೆ. ಹಮ್ ಹೋಗಬಹುದು, ಜೊತೆಗೆ ನೀವೂ ಹೋಗಬಹುದು. ಮುಟ್ಟೋಕೆ ಬಿಡಬೇಡಿ.

ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಎರಡೂ ವಾಲ್ಯೂಮ್ ಪೂರ್ತಿ ತೆರೆದು ಟ್ಯೂನರ್ ನೋಡಿದೆ. ಕತ್ತಲೆ. ಕೀಬೋರ್ಡಿನವನೂ ಬಂದು ಬಗ್ಗಿದ. ಅವನಿಗೆ ತೋರಿಸೋಣ ಅಂತ ಬ್ರಿಡ್ಜ್ ವಾಲ್ಯೂಮ್ ಮೆಲ್ಲಗೆ ಇಳಿಸಿದೆ. ಸೊನ್ನೆ ಮುಟ್ಟುತ್ತಿದ್ದ ಹಾಗೆ ‘ಜಿ’ ಮಿಣುಕಿತು, ಮುಳ್ಳು ಬಲಕ್ಕೆ ವಾಲಿತು. ಮತ್ತೆ ಏರಿಸಿದೆ, ಆರಿಹೋಯಿತು.

‘ನಿಂಬೆಹಣ್ಣು ಎಲ್ಲಿ ಕಟ್ಟಿದೆ?’ ಅಂದ.

ಒಂದು ಕೆಲಸ ಬಾಕಿ ಇದೆ. ಪುಶ್-ಪುಲ್ಲಿನ ನಾಬ್ ನಯಸ್ಸು, ಬೆವರಿದ ಬೆರಳಿಗೆ ಜಾರುತ್ತದೆ. ಅವತ್ತು ಎರಡನೇ ಚರಣಕ್ಕೆ ಎಳೆಯಬೇಕಿದ್ದದ್ದು ಮೂರನೆಯದಕ್ಕೆ ಎಳೆದೆ. ಸೈಕಲ್ ಟ್ಯೂಬಿನ ಒಂದು ತೆಳ್ಳನೆ ಉಂಗುರ ಕತ್ತರಿಸಿ ಇಟ್ಟಿದ್ದೇನೆ, ಭಾನುವಾರ ಹಾಕಬೇಕು.